ಆತಂಕ ಮತ್ತು ಅಂಗಮರ್ದನ

ಮುಂದೇನಾಗುವುದೋ ಎಂಬ ಕಳವಳ ಮನುಷ್ಯನಿಗೆ ಸಹಜವಾದುದು. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗಗಳಲ್ಲಿ ಮಳೆಯನ್ನೇ ನೆಚ್ಚಿ ಜೋಳ, ತೊಗರಿ ಬಿತ್ತುವ ಕುಟುಂಬಗಳಿಗೆ ಇದು ಪರಿಚಿತ. ಮಳೆ ಸುರಿದೊಡನೆ ತಣಿಯುವುದು ಚಿಂತೆ. ಬೆಳೆ ಕೈಸೇರಿದ ಮೇಲೂ ಎದೆಬಡಿತ, ನಿದ್ರಾಹೀನತೆ, ಕುತ್ತಿಗೆ ಮತ್ತು ಭುಜಗಳ ಬಿಗಿತ ತಿಂಗಳುಗಟ್ಟಲೆ ಉಳಿದು ದಿನದ ಕೆಲಸಕ್ಕೆ ಅಡ್ಡಿಯಾದರೆ, ಅದು ಚಿಕಿತ್ಸೆ ಬೇಕಾದ ಆತಂಕವಾಗಿರಬಹುದು.

ಅಪಾಯ ಎದುರಾದಾಗ ದೇಹವನ್ನು ಸಜ್ಜುಗೊಳಿಸುವ ನರವ್ಯವಸ್ಥೆಯು ಆತಂಕಗೊಂಡವರಲ್ಲಿ ಬೇಗನೆ ವಿಶ್ರಮಿಸುವುದಿಲ್ಲ. ಎಣ್ಣೆ ಹಚ್ಚಿ ಮೈ ನೀವುವ ಪದ್ಧತಿ ಇಲ್ಲಿ ನೆರವಾಗುತ್ತದೆ. ಆಯುರ್ವೇದವು ಇದನ್ನು ಅಭ್ಯಂಗವೆಂದು ಕರೆಯುತ್ತದೆ. ಬಾಣಂತಿಗೂ ಶಿಶುವಿಗೂ ಎಣ್ಣೆ ತಿಕ್ಕುವುದು ನಮ್ಮ ಮನೆಗಳ ವಾಡಿಕೆ. ಚರ್ಮದಲ್ಲಿರುವ ಕೆಲವು ಸೂಕ್ಷ್ಮ ನರತಂತುಗಳು ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ಮೃದು ಸ್ಪರ್ಶಕ್ಕೆ ವಿಶೇಷವಾಗಿ ಸ್ಪಂದಿಸಿ ಹಿತದ ಭಾವವನ್ನು ಮೂಡಿಸುತ್ತವೆ. ಆದುದರಿಂದ ಬಲಕ್ಕಿಂತ ನಿಧಾನವೇ ಮುಖ್ಯ.

2004ರಲ್ಲಿ 37 ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯು ಅಂಗಮರ್ದನದಿಂದ ಆತಂಕ ತಗ್ಗುವುದೆಂದು ಹೇಳಿತು. ಆದರೆ 2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ಗಮನಾರ್ಹ. ಆತಂಕದ ಕಾಯಿಲೆಯಿದ್ದ 68 ವಯಸ್ಕರಲ್ಲಿ ಒಂದು ಗುಂಪಿಗೆ ಅಂಗಮರ್ದನ, ಇನ್ನೊಂದಕ್ಕೆ ಮೈಗೆ ಶಾಖ ಕೊಡುವ ಉಪಚಾರ, ಮತ್ತೊಂದಕ್ಕೆ ಶಾಂತವಾದ ಕೋಣೆಯಲ್ಲಿ ವಿಶ್ರಾಂತಿ ನೀಡಲಾಯಿತು. ಮೂರು ಗುಂಪುಗಳೂ ಸುಧಾರಿಸಿದವು. ಅಂಗಮರ್ದನವು ಉಳಿದೆರಡಕ್ಕಿಂತ ಮೇಲೆನಿಸಲಿಲ್ಲ. ಕೈಯ ಕೌಶಲವಷ್ಟೇ ಅಲ್ಲದೆ, ನಿರ್ಭಯವಾಗಿ ವಿಶ್ರಮಿಸಲು ದೊರೆತ ಬಿಡುವೂ ಗುಣ ನೀಡಿರಬಹುದೆಂದು ಇದರಿಂದ ಊಹಿಸಬಹುದು.

ವಯಸ್ಕರಿಗೆ ಈ ವಿಷಯವನ್ನು ವಿವರಿಸುವ ಶಿಕ್ಷಕರು ಕೆಲವು ಎಚ್ಚರಿಕೆಗಳನ್ನು ತಪ್ಪದೆ ತಿಳಿಸಬೇಕು. ಮುಟ್ಟುವ ಮೊದಲು ಒಪ್ಪಿಗೆ ಕೇಳಬೇಕು. ಬೇಡವೆಂದ ಕೂಡಲೇ ನಿಲ್ಲಿಸಬೇಕು. ಜ್ವರ, ಗಾಯ, ಮೂಳೆ ಮುರಿತ ಅಥವಾ ಒಂದೇ ಕಾಲಿನ ಬಾವು ಇದ್ದಾಗ ತಿಕ್ಕಬಾರದು. ಕುತ್ತಿಗೆಯನ್ನು ತಿರುಚಿ ನೆಟಿಗೆ ತೆಗೆಯಬಾರದು. ಎದೆನೋವನ್ನು ಆತಂಕವೆಂದು ತಾವೇ ನಿರ್ಧರಿಸದೆ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಕೊಟ್ಟ ಮಾತ್ರೆಯನ್ನು ಎಣ್ಣೆಯ ಭರವಸೆಯಿಂದ ಬಿಡಬಾರದು.

ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಹಳ್ಳಿಯ ಹೆಂಗಸರು ಕೂಡಿ ಕುಳಿತು ಮಾತನಾಡುವ ರೂಢಿಯನ್ನು ಹಲವು ದಶಕಗಳಿಂದ ಬೆಳೆಸಿವೆ. ಮನದ ಅಳಲನ್ನು ಹೊರಗೆಡಹಲು ಇಂಥ ಕೂಟಗಳು ತಕ್ಕ ತಾಣಗಳು. ನಿದ್ರೆ, ಊಟ, ಕೆಲಸ ಕೆಟ್ಟವರಿಗೂ ಸಾಯುವ ಮಾತಾಡುವವರಿಗೂ ವೈದ್ಯರ ನೆರವು ವಿಳಂಬವಿಲ್ಲದೆ ದೊರೆಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಬಹುದು. ನೀವುವ ಕೈ ನೋವನ್ನು ತಗ್ಗಿಸುತ್ತದೆ. ನೋವಿನ ಕಾರಣವನ್ನು ಕೇಳುವ ಕಿವಿಯೂ ಅದರೊಡನೆ ಇರಬೇಕು.