ಪಾಸ್‌ಪೋರ್ಟ್ ಇಲ್ಲದ ಪರದೇಶ

ಸುಗ್ಗಿ ಮುಗಿದು ಹೊಲಗಳು ಬರಿದಾಗುತ್ತಿದ್ದಂತೆ ರಾಯಚೂರು ಬಸ್ ನಿಲ್ದಾಣದ ಸಂಜೆಯ ಚಹರೆ ಬದಲಾಗುತ್ತದೆ. ದೇವದುರ್ಗದ ಕಡೆಯಿಂದ, ಮಾನ್ವಿಯ ಕಡೆಯಿಂದ ಬಂದಿಳಿದವರು ಬೆಂಗಳೂರಿನ ರಾತ್ರಿ ಬಸ್ಸಿಗೆ ಕಾಯುತ್ತ ನೆಲದ ಮೇಲೆಯೇ ಕೂರುತ್ತಾರೆ. ಜೋಳದ ಹಿಟ್ಟಿನ ಚೀಲ, ಖಾರದ ಪುಡಿಯ ಡಬ್ಬಿ, ರೊಟ್ಟಿಯ ಹಂಚು, ಕೌದಿಯಲ್ಲಿ ಸುತ್ತಿದ ಬಟ್ಟೆಬರೆ, ಮಡಿಲಲ್ಲೊಂದು ಕೂಸು. ಎಷ್ಟೋ ಸಲ ಜೊತೆಗೆ ಗಂಡಸಿರುವುದಿಲ್ಲ. ಅವನು ತಿಂಗಳ ಹಿಂದೆಯೇ ಹೋಗಿರುತ್ತಾನೆ. ಈಗ ಹೆಂಡತಿ, ಮಕ್ಕಳ ಸರದಿ.

ಈ ಭಾಗದಲ್ಲಿ ಇದಕ್ಕೆ ಗುಳೆ ಎನ್ನುತ್ತಾರೆ. ಪತ್ರಿಕೆಗಳು ಬರೆಯುವ ವಲಸೆಗೂ ಊರವರು ಆಡುವ ಗುಳೆಗೂ ತುಸು ಅಂತರವಿದೆ. ವಲಸೆ ಹೋದವರು ಹೋದಲ್ಲಿಯೇ ನೆಲೆ ನಿಲ್ಲಬಹುದು. ಗುಳೆ ಹೋದವರು ಸಾಮಾನ್ಯವಾಗಿ ಮರಳಿ ಬರುತ್ತಾರೆ. ಮುಂಗಾರಿನ ಬಿತ್ತನೆಗೆ, ಯುಗಾದಿಗೆ, ಊರ ಜಾತ್ರೆಗೆ, ಮೊಹರಮ್ಮಿಗೆ. ಮನೆಗೆ ಬೀಗ ಬೀಳುತ್ತದೆ, ಇಲ್ಲವೇ ಒಳಗೆ ಮುದುಕರಷ್ಟೇ ಉಳಿಯುತ್ತಾರೆ. ಹೊರಡುವ ಮುನ್ನ ಬರುವ ಫೋನ್ ಕರೆಯ ಧಾಟಿಯೂ ಹೆಚ್ಚುಕಡಿಮೆ ಒಂದೇ: ‘ಈ ಸಲ ನೀನೂ ಬಂದ್ಬಿಡು. ಜೋಡಿ ಇದ್ರಷ್ಟ ಮೇಸ್ತ್ರಿ ಶೆಡ್ ಕೊಡ್ತಾನಂತ.’

ದುಡಿಯಲು ದೂರ ಹೋದವನನ್ನು ಅವನ ಕುಟುಂಬ ಹೋಗಿ ಸೇರುವುದೆಂದರೆ ನಮಗೆ ಮೊದಲು ನೆನಪಾಗುವುದು ದುಬೈ, ಸೌದಿ, ಅಮೆರಿಕ. ರಾಯಚೂರಿನಿಂದ ಕೊಲ್ಲಿ ದೇಶಗಳಿಗೆ ಹೋದವರೂ ಇದ್ದಾರೆ. ಆ ಪ್ರಯಾಣಕ್ಕೆ ಹೆಜ್ಜೆ ಹೆಜ್ಜೆಗೂ ಕಾಗದವಿದೆ. 1983ರ ಎಮಿಗ್ರೇಷನ್ ಕಾಯ್ದೆಯ ಅಡಿ, ಹತ್ತನೇ ತರಗತಿ ದಾಟದ ಕೂಲಿಕಾರ ಕೊಲ್ಲಿ ದೇಶಗಳೂ ಸೇರಿದ 18 ದೇಶಗಳಿಗೆ ಕೆಲಸಕ್ಕೆ ಹೊರಡುವಾಗ ಸರ್ಕಾರದ ಅನುಮತಿ ಪಡೆಯಬೇಕು. ಅಲ್ಲಿ ಹೋದ ಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ಇನ್ನೊಂದು ಲೆಕ್ಕ. ಯುಎಇಯಲ್ಲಿ ತಿಂಗಳಿಗೆ 4,000 ದಿರ್ಹಂ ಸಂಬಳ, ಅಥವಾ 3,000 ದಿರ್ಹಮಿನ ಜೊತೆಗೆ ವಸತಿ ಇದ್ದವನಿಗೆ ಮಾತ್ರ ಕುಟುಂಬದ ವೀಸಾ. ಕಟ್ಟಡದ ಕೂಲಿಯವನಿಗೆ ಅದು ದಕ್ಕುವುದು ಅಪರೂಪ. ಅವನ ಸಂಸಾರ ಊರಲ್ಲಿಯೇ ಉಳಿಯುತ್ತದೆ.

ಗುಳೆಯ ಲೆಕ್ಕ ಇದಕ್ಕೆ ತೀರ ತಿರುಗುಮುರುಗು. ಕೊಲ್ಲಿಯಲ್ಲಿ ಸಂಬಳ ಸಾಕಷ್ಟಿದ್ದರೆ ಕುಟುಂಬ ಬರಬಹುದು. ಬೆಂಗಳೂರಿನಲ್ಲಿ ಒಬ್ಬನ ಕೂಲಿ ಸಾಲದು ಎಂಬ ಕಾರಣಕ್ಕೇ ಕುಟುಂಬ ಬರಬೇಕು. ಅಲ್ಲಿ ಹೆಂಡತಿಯನ್ನು ಕಾಗದದ ಮೇಲೆ ‘ಅವಲಂಬಿತೆ’ ಎಂದು ಬರೆಯುತ್ತಾರೆ. ಇಲ್ಲಿ ಬಸ್ಸಿಳಿದ ಮರುದಿನವೇ ಅವಳು ಮರಳಿನ ಬುಟ್ಟಿ ಹೊರುತ್ತಾಳೆ.

‘ಜೋಡಿ’ ಎಂಬ ಮಾತಿನಲ್ಲಿಯೇ ಈ ವ್ಯವಸ್ಥೆ ಅಡಗಿದೆ. ಗಾರೆ ಕೆಲಸವಿರಲಿ, ಕೇಬಲ್ ಹೂಳಲು ರಸ್ತೆ ಬದಿ ಅಗೆಯುವ ಕೆಲಸವಿರಲಿ, ಗಂಡು ಅಗೆದದ್ದನ್ನು ಹೆಣ್ಣು ಎತ್ತಿ ಹಾಕಬೇಕು. ಒಂಟಿ ಗಂಡಸಿಗಿಂತ ಗಂಡ ಹೆಂಡತಿಯ ಜೋಡಿಗೆ ಮೇಸ್ತ್ರಿಗಳು ಹೆಚ್ಚು ಬೆಲೆ ಕೊಡುತ್ತಾರೆ. ಜೋಡಿಯಿದ್ದಲ್ಲಿ ಅಡುಗೆ ನಡೆಯುತ್ತದೆ, ಸಂಸಾರ ಕಟ್ಟಿಕೊಂಡವರು ನಡುವೆ ಕೆಲಸ ಬಿಟ್ಟು ಹೋಗುವುದೂ ಕಡಿಮೆ. ಮುಂಗಡ ಕೊಟ್ಟಿದ್ದರಂತೂ ಇದು ಮುಖ್ಯ. ಊರಲ್ಲಿ ಮದುವೆಗೋ ಆಸ್ಪತ್ರೆಗೋ ಬಡ್ಡಿ ಸಾಲಕ್ಕೋ ಪಡೆದ ಆ ಹಣ ತೀರುವವರೆಗೆ ಇಬ್ಬರ ಕೂಲಿಯೂ ಅದಕ್ಕೇ ಜಮೆ. ಚಿಕ್ಕ ಕೂಸಿದ್ದರೆ ಅದನ್ನು ನೋಡಿಕೊಳ್ಳಲು ಎಂಟೋ ಹತ್ತೋ ವರ್ಷದ ಅಕ್ಕನೂ ಹೊರಡಲೇಬೇಕು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿ ಶುರುವಾಗುವುದು ಆ ದಿನದಿಂದಲೇ.

ಈ ನೆಲಕ್ಕೆ ಊರು ಬಿಡುವುದು ಹೊಸದಲ್ಲ. ಕೃಷ್ಣಾ, ತುಂಗಭದ್ರೆಯರ ನಡುವಿನ ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ, ಅವರ ಬಳಿಕ ಬಿಜಾಪುರದವರೂ ಬಡಿದಾಡಿದರು. ಕೃಷ್ಣದೇವರಾಯನು ಆದಿಲ್ ಶಾಹಿಯಿಂದ ರಾಯಚೂರು ಕೋಟೆಯನ್ನು ಗೆದ್ದದ್ದು 1520ರಲ್ಲಿ. ದಂಡು ಬರುತ್ತದೆಂದು ತಿಳಿದೊಡನೆ ಊರಿಗೆ ಊರೇ ಗಂಟುಮೂಟೆ ಹೊತ್ತು, ಎಳೆಯ ಮಕ್ಕಳ ತಲೆಗೂ ಅವು ಹೊರುವಷ್ಟು ಹೊರೆ ಏರಿಸಿ ಕಾಡುಗುಡ್ಡಗಳಿಗೆ ಹೊರಟುಬಿಡುತ್ತಿದ್ದುದನ್ನು ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ದಕ್ಷಿಣ ಭಾರತದ ಇತಿಹಾಸದಲ್ಲಿ ವಿವರಿಸಿದ್ದಾನೆ. ಅದಕ್ಕೆ ಅವನು ಬಳಸಿದ್ದು ನಮ್ಮ ‘ವಲಸೆ’ ಎಂಬ ಮಾತನ್ನೇ. ಅದು ಮೈಸೂರು ಸೀಮೆಯ ಯುದ್ಧಗಳ ಮಾತಾದರೂ ದೋಆಬಿನ ಜನರಿಗೆ ಅಪರಿಚಿತ ಚಿತ್ರವೇನಲ್ಲ.

ದಂಡಿನ ಕಾಲ ಮುಗಿದ ಮೇಲೆ ಬರದ ಕಾಲ. 1876ರಿಂದ 78ರವರೆಗಿನ ಧಾತು ಈಶ್ವರ ಬರ ಈ ಸೀಮೆಯನ್ನು ಹಿಂಡಿತು. ಅದಕ್ಕೆ ಐದು ವರ್ಷ ಮುಂಚೆ, 1871ರಲ್ಲಿ, ಮುಂಬಯಿಯ ಕಡೆಯಿಂದ ಬಂದ ರೈಲು ಹಾದಿಯೂ ಮದ್ರಾಸಿನ ಕಡೆಯಿಂದ ಬಂದ ಹಾದಿಯೂ ರಾಯಚೂರಿನಲ್ಲಿಯೇ ಕೂಡಿದ್ದವು. ದೂರದ ಊರು ಇಲ್ಲಿನವರಿಗೆ ಹತ್ತಿರವಾದದ್ದು ಹೀಗೆ. ಬಡತನಕ್ಕೆ ಮನೆ ಬಿಟ್ಟವರ ಕಥೆಗಳಲ್ಲಿ ಒಂದು ಹರಿದಾಸ ಪರಂಪರೆಯಲ್ಲಿಯೂ ಇದೆ ಎಂಬುದನ್ನು ಇಲ್ಲಿ ನೆನೆಯಬಹುದು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು ಮನೆಯ ಬಡತನ ತಾಳಲಾರದೆ ಊರು ಬಿಟ್ಟು ಕಾಶಿಯವರೆಗೆ ಅಲೆದರೆಂದು ಅವರ ಚರಿತ್ರೆ ಹೇಳುತ್ತದೆ.

ಎರಡು ನದಿಗಳ ನಡುವಿನ ನಾಡಿನಿಂದ ಜನ ಕೂಲಿಗೆ ಹೋಗುವುದೇಕೆ ಎಂದು ಹೊರಗಿನವರು ಕೇಳುವುದುಂಟು. ಪ್ರಶ್ನೆ ಸರಿಯಾದದ್ದೇ. ಉತ್ತರ ಕಾಲುವೆಯ ಯಾವ ತುದಿಯಲ್ಲಿ ನಿಂತಿದ್ದೀರಿ ಎಂಬುದರ ಮೇಲಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ನಾಲೆಗೆ ನೀರು ಹರಿಯಿತು. ನಾಲೆಯ ಉದ್ದ 227 ಕಿಲೋಮೀಟರ್. ಕಡಿಮೆ ನೀರು ಬೇಡುವ ಬೆಳೆಗಳೇ ಹೆಚ್ಚಿರಬೇಕೆಂದು ರೂಪಿಸಿದ ಈ ಯೋಜನೆಯಲ್ಲಿ ಗಂಗಾವತಿ, ಸಿಂಧನೂರಿನ ಕಡೆ ಭತ್ತವೇ ತುಂಬಿಕೊಂಡಿತು. ಮಾನ್ವಿ, ರಾಯಚೂರು ತಾಲ್ಲೂಕುಗಳಿರುವುದು ನಾಲೆಯ ಕೊನೆಯ ಭಾಗದಲ್ಲಿ. ಮೇಲಿನವರು ಕುಡಿದು ಮಿಕ್ಕದ್ದು ಇವರಿಗೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿ ಹೋದಾಗ ಕೊನೆಯ ಭಾಗದ ರೈತರ ಎದೆ ಮೊದಲು ನಡುಗಿದ್ದರೆ ಆಶ್ಚರ್ಯವಿಲ್ಲ. ಅತ್ತ ದೇವದುರ್ಗದ ಕಥೆ ಕೃಷ್ಣೆಯದು. ನಾರಾಯಣಪುರ ಬಲದಂಡೆ ನಾಲೆ ಬಂದದ್ದು ಬಹಳ ತಡವಾಗಿ, ನೀರು ಮುಟ್ಟದ ಹೊಲಗಳು ಇನ್ನೂ ಮಳೆಯನ್ನೇ ನಂಬಿವೆ. ಪ್ರಾದೇಶಿಕ ಅಸಮತೋಲನ ಕುರಿತು 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದಿತು. ದೇವದುರ್ಗ ಅವುಗಳಲ್ಲೊಂದು. ಇದೇ ಜಿಲ್ಲೆಯ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ 1985ರಿಂದ ರಾಜ್ಯಕ್ಕೆಲ್ಲ ಬೆಳಕು ಕೊಡುತ್ತ ಬಂದಿದೆ ಎಂಬುದು ಬೇರೆ ಮಾತು.

ಇನ್ನು ಕಾನೂನಿನ ವಿಚಾರ. ವಲಸೆ ಕಾರ್ಮಿಕರಿಗೆಂದೇ 1979ರಲ್ಲಿ ಒಂದು ಕಾಯ್ದೆ ಬಂತು. ಗುತ್ತಿಗೆದಾರ ಅವರ ಹೆಸರು ನೋಂದಾಯಿಸಬೇಕು, ಹೋಗಿಬರುವ ಖರ್ಚು ಕೊಡಬೇಕು, ವಸತಿ ಒದಗಿಸಬೇಕು ಎಂದೆಲ್ಲ ಅದು ಹೇಳಿತು. ಆದರೆ ಅದು ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ. ದೇವದುರ್ಗದಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ, ಆದರೆ ನಡುವೆ ರಾಜ್ಯದ ಗಡಿ ಇಲ್ಲ. ಗಡಿಯಿಲ್ಲದ್ದರಿಂದ ಕಾಯ್ದೆಯೂ ಇಲ್ಲ. ರಾಯಚೂರಿನಿಂದ ಹೈದರಾಬಾದಿಗೋ ಪುಣೆಗೋ ಹೋದವನು ಕಾಗದದ ಮೇಲೆ ವಲಸೆ ಕಾರ್ಮಿಕ. ಬೆಂಗಳೂರಿಗೆ ಹೋದವನು ಏನೂ ಅಲ್ಲ. 2020ರ ಹೊಸ ಕಾರ್ಮಿಕ ಸಂಹಿತೆಯೂ ಅಂತರರಾಜ್ಯ ಎಂಬ ಪದವನ್ನು ಬಿಡಲಿಲ್ಲ.

ಮಕ್ಕಳ ಪಾಲಿಗೂ ಹೀಗೆಯೇ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಡೆ ಆರು ವರ್ಷದೊಳಗಿನ ಕೂಸುಗಳಿಗೆ ಕೋಣೆ ಇರಬೇಕೆಂದಿತು. ಹತ್ತು ಹನ್ನೆರಡು ಜೋಡಿಗಳು ದುಡಿಯುವ ಕಟ್ಟಡಕ್ಕೆ ಅದು ಅನ್ವಯಿಸುವುದಿಲ್ಲ, ಕೂಸಿಗೆ ಮರಳಿನ ಗುಡ್ಡೆಯೇ ಗತಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದಕ್ಕಿಂತ ಉದಾರ. ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಶಾಲೆಯೂ ಪ್ರವೇಶ ನಿರಾಕರಿಸುವಂತಿಲ್ಲ. ಆದರೆ ಕೆಲಸ ಮುಗಿದೊಡನೆ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಶೆಡ್ ಕಿತ್ತು ಸಾಗುವ ಮಗುವಿಗೆ ಯಾವ ಶಾಲೆ? ಇದನ್ನರಿತೇ ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ನಗರದಲ್ಲಿ ಟೆಂಟ್ ಶಾಲೆ, ಊರಲ್ಲಿ ಋತುಮಾನದ ವಸತಿ ನಿಲಯ ಎಂಬ ಎರಡು ದಾರಿಗಳನ್ನು ಹುಡುಕಲಾಯಿತು. ಎರಡನೆಯದೇ ಹೆಚ್ಚು ಉಪಯುಕ್ತ. ಮಗು ತನ್ನ ಭಾಷೆಯಲ್ಲಿ, ತನ್ನ ಗೆಳೆಯರ ನಡುವೆ ಉಳಿಯುತ್ತದೆ. ಆದರೆ ತಂಗಿಯನ್ನು ಎತ್ತಿಕೊಳ್ಳುವವರಾರು ಎಂಬ ತಾಯಿಯ ಪ್ರಶ್ನೆಗೆ ವಸತಿ ನಿಲಯದಲ್ಲಿ ಉತ್ತರವಿಲ್ಲ.

ಗುಳೆ ತಡೆಯಲೆಂದೇ ತಂದ ಉದ್ಯೋಗ ಖಾತರಿ 2006ರ ಫೆಬ್ರುವರಿ 2ರಂದು ದೇಶದ ಮೊದಲ 200 ಜಿಲ್ಲೆಗಳಲ್ಲಿ ಆರಂಭವಾದಾಗ ರಾಯಚೂರೂ ಅವುಗಳಲ್ಲಿತ್ತು. ವರ್ಷಕ್ಕೆ ಕುಟುಂಬಕ್ಕೆ 100 ದಿನ ಕೆಲಸ. ಕೆಲಸ ನಡೆದಲ್ಲಿ ಅನೇಕ ಹೆಂಗಸರು ಊರಲ್ಲಿಯೇ ಉಳಿದರು ಎಂಬುದನ್ನು ಒಪ್ಪಬೇಕು. ಆದರೆ ಅದರ ಕೂಲಿ ಬ್ಯಾಂಕಿಗೆ ಬರಲು ವಾರಗಳು ಬೇಕಾಗುತ್ತಿದ್ದವು. ಮೇಸ್ತ್ರಿಯ ಮುಂಗಡ ಹೊರಡುವ ಮುನ್ನವೇ ಕೈಗೆ ಬರುತ್ತಿತ್ತು. ಸಾಲಗಾರ ಬಾಗಿಲಲ್ಲಿ ನಿಂತಾಗ ಯಾವುದು ಗೆಲ್ಲುತ್ತದೆಂದು ಹೇಳಬೇಕಾಗಿಲ್ಲ.

ಎಷ್ಟು ಜನ ಹೀಗೆ ಹೋಗಿದ್ದರೆಂಬುದು ನಗರಕ್ಕೆ ಅರಿವಾದದ್ದು 2020ರ ಮಾರ್ಚ್ 25ರ ಲಾಕ್‌ಡೌನ್ ಬಳಿಕ. ಕೆಲಸ ನಿಂತಿತು, ಬಸ್ ನಿಂತಿತು, ಕೆಲವರು ನಡೆದೇ ಹೊರಟರು. ಮೇ ತಿಂಗಳ ಆರಂಭದಲ್ಲಿ ಸರ್ಕಾರ ಉಚಿತ ಬಸ್ ಬಿಟ್ಟಾಗ ಮೆಜೆಸ್ಟಿಕ್ ನಿಲ್ದಾಣದಲ್ಲಿ ಕಂಡದ್ದು ಅದೇ ಹಿಟ್ಟಿನ ಚೀಲ, ಅದೇ ಕೌದಿಯ ಗಂಟು, ಊರ ಕಡೆಗೆ ಮುಖ ಮಾಡಿ. ಬಿಕ್ಕಟ್ಟು ಕಳೆದ ಮೇಲೆ ಅವು ಮತ್ತೆ ಬೆಂಗಳೂರಿನ ಕಡೆಗೆ ತಿರುಗಿದವು.

ಒಂದು ಸಂಗತಿ ಮಾತ್ರ ಈಚೆಗೆ ಬದಲಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಮೊದಲು ಸಂಸಾರ ಬೆಂಗಳೂರಿಗೆ ಸಾಗಬೇಕೆಂದರೆ ಬಸ್ ಚಾರ್ಜಿಗೇ ಕೈಸಾಲ ಮಾಡಬೇಕಿತ್ತು. ಈಗ ತಾಯಿ ಹಬ್ಬಕ್ಕೆ, ಕಾಯಿಲೆ ಬಿದ್ದ ಅತ್ತೆಯನ್ನು ನೋಡಲಿಕ್ಕೆ, ಮಗಳನ್ನು ಶಾಲೆಗೆ ಮರಳಿ ಬಿಡಲಿಕ್ಕೆ ನಡುವೆ ಬಂದು ಹೋಗಬಹುದು. ಕಂಡಕ್ಟರ್ ಅವಳಿಗೂ ಒಂದು ಚೀಟಿ ಹರಿದುಕೊಡುತ್ತಾನೆ. ಹತ್ತಿದ ಊರು ರಾಯಚೂರು, ಇಳಿಯುವ ಊರು ಬೆಂಗಳೂರು, ದರ ಸೊನ್ನೆ. ಅವಳ ಪ್ರಯಾಣದ ವಿಚಾರವಾಗಿ ಸರ್ಕಾರ ಕೊಡುವ ಕಾಗದ ಇದೊಂದೇ.