ಫೋನಿನ ಸಾಫ್ಟ್‌ವೇರು ಬದಲಾದರೆ ವಾರಂಟಿ ಹೋದಂತೆಯೇ?

ನಮ್ಮ ನೆರೆಮನೆಯ ತರುಣನೊಬ್ಬನು ತನ್ನ ಮೊದಲ ಸಂಬಳದಲ್ಲಿ ಒಂದು ಮೊಬೈಲ್ ಫೋನನ್ನು ಕೊಂಡನು. ಆರು ತಿಂಗಳು ಕಳೆಯುವುದರೊಳಗೆ ಅದರ ಪಕ್ಕದ ಗುಂಡಿ ಸಡಿಲಗೊಂಡು ಒಳಕ್ಕೆ ಕುಸಿಯಿತು. ರಸೀತಿಯನ್ನೂ ವಾರಂಟಿ ಚೀಟಿಯನ್ನೂ ಜೋಪಾನವಾಗಿ ಹಿಡಿದು ಸರ್ವಿಸ್ ಸೆಂಟರಿಗೆ ಹೋದವನು ಬಾಡಿದ ಮುಖದಿಂದ ಹಿಂದಿರುಗಿದನು. “ನೀವು ಫೋನಿನ ಸಾಫ್ಟ್‌ವೇರನ್ನು ಬದಲಾಯಿಸಿದ್ದೀರಿ; ಇನ್ನು ವಾರಂಟಿ ಸಲ್ಲದು” ಎಂದು ಅಲ್ಲಿಯವರು ಹೇಳಿ ಕಳುಹಿಸಿದ್ದರು.

“ಬದಲಾಯಿಸಿದ್ದು ನಿಜ. ಆದರೆ ಅದಕ್ಕೂ ಗುಂಡಿಗೂ ಏನು ಸಂಬಂಧ, ನೀವೇ ಹೇಳಿ” ಎಂದು ಅವನು ನನ್ನನ್ನು ಕೇಳಿದನು. ಪ್ರಶ್ನೆ ಚಿಕ್ಕದು, ಆದರೆ ಯೂರೋಪು, ಅಮೆರಿಕಗಳ ಕಾನೂನು ಬಲ್ಲವರನ್ನೂ ಚಿಂತನೆಗೆ ಹಚ್ಚಿದ ಪ್ರಶ್ನೆಯದು.

ಫೋನಿನ ಅಂಗಾಂಗಗಳನ್ನು ಎಚ್ಚರಿಸಿ ನಡೆಸುವುದಕ್ಕಾಗಿ ತಯಾರಕರೇ ಅದರೊಳಗೆ ನೆಲೆಗೊಳಿಸಿರುವ ಮೂಲ ಸಾಫ್ಟ್‌ವೇರಿಗೆ ಫರ್ಮ್‌ವೇರ್ ಎಂದು ಹೆಸರು. ಅದನ್ನು ಬದಲಾಯಿಸಬೇಕಾದರೆ ಬೂಟ್‌ಲೋಡರ್ ಎಂಬ ಬೀಗವನ್ನು ಮೊದಲು ತೆರೆಯಬೇಕು. ತೆರೆದೊಡನೆ ಫೋನಿನಲ್ಲಿದ್ದ ಚಿತ್ರಗಳು, ವಿಳಾಸಗಳು, ಪತ್ರಗಳು ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ಮುಂದೆ ಕೆಲವು ಬ್ಯಾಂಕುಗಳ ಆ್ಯಪ್‌ಗಳೂ ಅದರಲ್ಲಿ ನಡೆಯಲೊಪ್ಪುವುದಿಲ್ಲ. ಇಷ್ಟೆಲ್ಲ ತೊಂದರೆಯನ್ನು ಜನ ಏಕೆ ಮೈಮೇಲೆ ಎಳೆದುಕೊಳ್ಳುತ್ತಾರೆ? ಕೆಲವು ವರ್ಷಗಳಾದ ಬಳಿಕ ತಯಾರಕರು ಹಳೆಯ ಫೋನಿಗೆ ಹೊಸ ಆವೃತ್ತಿಗಳನ್ನು ಕಳುಹಿಸುವುದನ್ನು ನಿಲ್ಲಿಸಿಬಿಡುತ್ತಾರೆ. ಗಟ್ಟಿಮುಟ್ಟಾದ ಯಂತ್ರ ಮೂಲೆ ಸೇರುತ್ತದೆ. ಅಂಥ ಫೋನುಗಳಿಗೆ ಮರುಜೀವ ನೀಡಲು ಆಸಕ್ತರು ಕೂಡಿ ರಚಿಸಿ ಉಚಿತವಾಗಿ ಹಂಚಿದ ಸಾಫ್ಟ್‌ವೇರುಗಳಲ್ಲಿ 2016ರಲ್ಲಿ ನಿಂತುಹೋದ ಸಯನೊಜೆನ್‌ಮಾಡ್ ಮತ್ತು ಅದರ ಉತ್ತರಾಧಿಕಾರಿಯಾದ ಲೀನಿಯೇಜ್ ಓಎಸ್ ಪ್ರಸಿದ್ಧವಾದವು.

ತಯಾರಕರ ಆತಂಕವೂ ನಿರಾಧಾರವೆನ್ನುವಂತಿಲ್ಲ. ಪ್ರೊಸೆಸರನ್ನು ಮಿತಿಮೀರಿ ಓಡಿಸಿದರೆ ಅದು ಕಾದು ಕೆಡಬಹುದು. ಆದ್ದರಿಂದ ಕೆಲವರು ಗುರುತು ಉಳಿಯುವ ಉಪಾಯವನ್ನು ಹೂಡಿದರು. 2013ರಲ್ಲಿ ಹೊರಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 3ರಲ್ಲಿ ನಾಕ್ಸ್ ಎಂಬ ರಕ್ಷಣಾ ವ್ಯವಸ್ಥೆಗೆ ಸೇರಿದ ಒಂದು ಸೂಕ್ಷ್ಮ ಫ್ಯೂಸ್ ಇದ್ದಿತು. ಅನ್ಯ ಸಾಫ್ಟ್‌ವೇರು ಒಳಹೊಕ್ಕರೆ ಸೊನ್ನೆಯಿದ್ದ ಗುರುತು ಒಂದಾಗುವುದು. ಮೂಲ ಸಾಫ್ಟ್‌ವೇರನ್ನೇ ಮರಳಿ ಹಾಕಿದರೂ ಅದು ಮತ್ತೆ ಸೊನ್ನೆಯಾಗದು.

ಆದರೆ ಆ ಗುರುತು ಹೇಳುವುದಾದರೂ ಏನು? ಸಾಫ್ಟ್‌ವೇರು ಬದಲಾಗಿತ್ತು ಎಂಬಷ್ಟನ್ನೇ. ಲಕೋಟೆಯ ಅರಗು ಒಡೆದಿದ್ದರೆ ಯಾರೋ ತೆರೆದರೆಂದು ತಿಳಿಯುತ್ತದೆ. ಒಳಗಿನ ಪತ್ರದಲ್ಲಿ ಅಕ್ಷರ ತಪ್ಪಿರುವುದು ತೆರೆದವನಿಂದಲೇ ಎಂದು ತಿಳಿಯುವುದಿಲ್ಲ.

ಯೂರೋಪಿನ ಕಾನೂನು ಇಲ್ಲಿ ಒಂದು ಸ್ಪಷ್ಟವಾದ ಭೇದವನ್ನು ಮಾಡುತ್ತದೆ. ತಯಾರಕರು ತಾವಾಗಿ ಕೊಡುವ ವಾರಂಟಿ ಬೇರೆ. ಮಾರಿದವನ ಮೇಲೆ ಕಾನೂನು ಹೊರಿಸಿದ ಹೊಣೆ ಬೇರೆ. 1999ರ ನಿರ್ದೇಶನದ ಪ್ರಕಾರ ಈ ಹೊಣೆಯ ಅವಧಿ ಎರಡು ವರ್ಷ. ಮೊದಲ ಆರು ತಿಂಗಳಲ್ಲಿ ಕಂಡ ದೋಷವು ಮಾರಿದಾಗಲೇ ಇದ್ದಿತೆಂದು ಭಾವಿಸಬೇಕು. ಅಲ್ಲವೆಂದು ತೋರಿಸುವ ಭಾರ ಮಾರಿದವನದು. 2022ರ ಜನವರಿ 1ರಿಂದ ಅನ್ವಯವಾದ ಹೊಸ ನಿರ್ದೇಶನವು ಆರು ತಿಂಗಳನ್ನು ಒಂದು ವರ್ಷಕ್ಕೆ ಏರಿಸಿತು. ಸಾಫ್ಟ್‌ವೇರನ್ನು ಬದಲಾಯಿಸಿದ ಮಾತ್ರಕ್ಕೆ ಈ ಹಕ್ಕು ಅಳಿಯದೆಂದು ಯೂರೋಪಿನ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2012ರಲ್ಲಿಯೇ ಕಾನೂನು ವಿವೇಚನೆಯೊಂದನ್ನು ಪ್ರಕಟಿಸಿತು.

ಅಮೆರಿಕದಲ್ಲಿ 1975ರ ಮ್ಯಾಗ್ನುಸನ್–ಮಾಸ್ ಕಾಯಿದೆಯು, ತಮ್ಮದೇ ಹೆಸರಿನ ಬಿಡಿಭಾಗ ಅಥವಾ ಸೇವೆಯನ್ನು ಹಣ ತೆತ್ತು ಪಡೆದರೆ ಮಾತ್ರ ವಾರಂಟಿ ಎಂಬ ನಿಬಂಧನೆಯನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಫೋನಿನ ಬೀಗ ತೆರೆದು ತನಗೆ ಬೇಕಾದ ಆ್ಯಪ್‌ಗಳನ್ನು ಹಾಕಿಕೊಳ್ಳುವುದಕ್ಕೆ ಅಲ್ಲಿ 2010ರಲ್ಲಿ ಕೃತಿಸ್ವಾಮ್ಯ ಕಾನೂನಿನಿಂದ ವಿನಾಯಿತಿ ದೊರೆಯಿತು. ಆದರೆ ಅದರಿಂದ ವಾರಂಟಿ ಹೋಗಬಹುದೆಂದು ಆ್ಯಪಲ್ ಸಂಸ್ಥೆ ಆಗಲೇ ಎಚ್ಚರಿಸಿತ್ತು. ಮಾಡುವುದಕ್ಕೆ ಅನುಮತಿ ಒಂದು, ಮಾಡಿದ ಮೇಲಿನ ವಾರಂಟಿ ಮತ್ತೊಂದು ಎಂಬುದು ಇದರಿಂದ ವಿದಿತವಾಗುತ್ತದೆ.

ನಮ್ಮಲ್ಲಿ ಹೇಗೆ? ಯೂರೋಪಿನಂತೆ ಮಾರಿದವನ ಮೇಲೆ ಭಾರ ಹೊರಿಸುವ ನಿಯಮ ನಮ್ಮಲ್ಲಿಲ್ಲ. ವಾರಂಟಿ ಚೀಟಿಯ ನಿಬಂಧನೆಗಳಿಗೆ ಇಲ್ಲಿ ತೂಕ ಹೆಚ್ಚು. ಕೊಳ್ಳುವ ಮೊದಲೇ ಓದುವುದು ಜಾಣತನ. ಆದರೂ ಗ್ರಾಹಕ ನಿರುಪಾಯನಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿಗಳವರೆಗಿನ ಖರೀದಿಗೆ ಶುಲ್ಕವಿಲ್ಲ. ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಣಯಿಸಲಾಗದಿದ್ದರೆ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಅಲ್ಲಿ ಪ್ರಧಾನವಾಗುವುದು ಕೆಟ್ಟುದಕ್ಕೆ ಕಾರಣವೇನೆಂಬುದೇ. ಬದಲಾಯಿಸಿದ ಸಾಫ್ಟ್‌ವೇರಿನಿಂದಲೇ ಫೋನು ಕಾದು ಕೆಟ್ಟಿದ್ದರೆ ಆ ನಷ್ಟ ಮಾಲೀಕನದೇ, ಅದರಲ್ಲಿ ಅನ್ಯಾಯವೇನೂ ಇಲ್ಲ.

ಆದುದರಿಂದ ಮನೆಯ ಮಕ್ಕಳು ಇಂಥ ಪ್ರಯೋಗಕ್ಕೆ ಕೈಹಾಕುವುದಾದರೆ ವಾರಂಟಿಯ ಅವಧಿ ಮುಗಿದ ಫೋನಿನಲ್ಲಿ ಮಾಡುವುದು ಕ್ಷೇಮ. ರಸೀತಿಯನ್ನು ಕಾದಿಡಬೇಕು. ದುರಸ್ತಿಯನ್ನು ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಬೇಕು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ.

ನಮ್ಮ ತರುಣನು ಮರುವಾರ ಅದೇ ಸರ್ವಿಸ್ ಸೆಂಟರಿಗೆ ಹೋಗಿ, “ಸಾಫ್ಟ್‌ವೇರಿನಿಂದಲೇ ಗುಂಡಿ ಮುರಿಯಿತೆಂದು ಬರೆದು ರುಜು ಹಾಕಿಕೊಡಿ” ಎಂದು ವಿನಯದಿಂದಲೇ ಕೇಳಿದನಂತೆ. ಬರೆದುಕೊಡಲು ಯಾರೂ ಮುಂದೆ ಬರಲಿಲ್ಲ. ನಾಲ್ಕು ದಿನಗಳಲ್ಲಿ ಹೊಸ ಗುಂಡಿ ಮಾತ್ರ ಬಂದಿತು.