ಮಾಲೇಕಲ್ಲಿನಿಂದ ಬೇಲೂರಿಗೆ: ಬಿಡುವಿನ ಒಂದು ದಿನ

ಅರಸೀಕೆರೆ ಎಂದರೆ ಬಹುಮಂದಿಗೆ ರೈಲು ಬದಲಾಯಿಸುವ ಜಂಕ್ಷನ್ ಮಾತ್ರ. ಹೊಯ್ಸಳರ ಕಾಲದ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರು ಬಂದಿತೆಂದು ಪ್ರತೀತಿ. ಗಂಟುಮೂಟೆಯೊಡನೆ ಒಂದು ದಿನ ಇಲ್ಲಿಯೇ ಇಳಿದುಬಿಡುವ ಕುಟುಂಬಕ್ಕೆ ಬೆಟ್ಟ, ಪೇಟೆ, ಗುಡಿ ಮೂರೂ ದೊರೆಯುತ್ತವೆ. ಅವಸರವೊಂದನ್ನು ಮನೆಯಲ್ಲಿ ಬಿಟ್ಟು ಬಂದಿರಬೇಕು.

ಬೆಳಗಿನ ತಂಪಿನಲ್ಲಿಯೇ ಮಾಲೇಕಲ್ಲು ತಿರುಪತಿಯ ಬೆಟ್ಟವನ್ನು ಹತ್ತುವುದು ಜಾಣತನ. ಬುಡದಲ್ಲಿ ಗೋವಿಂದರಾಜ, ನೆತ್ತಿಯಲ್ಲಿ ವೆಂಕಟರಮಣ. ನಡುವೆ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲು. ಎಳೆಯರು ಓಡುತ್ತಾರೆ, ಹಿರಿಯರು ಕುಳಿತು ಕುಳಿತು ಏರುತ್ತಾರೆ. ಮೇಲೆ ನಿಂತು ನೋಡಿದರೆ ಸುತ್ತಲ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರವೂ ತೆಂಗಿನ ತೋಟಗಳು.

ಆ ತೋಟಗಳ ಸಿರಿಯನ್ನು ಕೆಳಗಿಳಿದು ಪೇಟೆಯಲ್ಲಿ ಕಾಣಬಹುದು. ಪಕ್ಕದ ತಿಪಟೂರಿನಂತೆ ಅರಸೀಕೆರೆಯೂ ಉಂಡೆಕೊಬ್ಬರಿಯ ನಾಡು. ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇರಿಸುತ್ತಾರೆ. ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡನೆ ಸದ್ದಾದಾಗಲೇ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ. ಗೃಹಿಣಿಯ ಚೀಲಕ್ಕೆ ಬೀಳುವ ಒಂದೊಂದು ಉಂಡೆಯ ಹಿಂದೆಯೂ ರೈತನ ಒಂದು ವರ್ಷದ ಕಾಯುವಿಕೆ ಇದೆ.

ಬಾಣಾವರ, ಜಾವಗಲ್ಲುಗಳನ್ನು ಹಾದು ಮಧ್ಯಾಹ್ನಕ್ಕೆ ಹಳೇಬೀಡು. ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ, ಅಧಿಕಾರಿ ಕೇತಮಲ್ಲನು ಆರಂಭಿಸಿದ ಹೊಯ್ಸಳೇಶ್ವರ ಗುಡಿಯ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಮೊದಲು ಆನೆಗಳ ಸಾಲು, ಬಳಿಕ ಸಿಂಹ, ಬಳ್ಳಿ, ಕುದುರೆ, ಅವುಗಳ ಮೇಲೆ ರಾಮಾಯಣ, ಭಾರತಗಳ ಕಥೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೊಡ್ಡಿದಂತೆಲ್ಲ ಗಡುಸಾಗುತ್ತದೆ. ಆಭರಣದ ಎಳೆ ಎಳೆಯನ್ನೂ ಬಿಡಿಸಲು ಶಿಲ್ಪಿಗೆ ಸಾಧ್ಯವಾದುದು ಈ ಗುಣದಿಂದ.

ಅಲ್ಲಿಂದ ಬೇಲೂರಿಗೆ 16 ಕಿಲೋಮೀಟರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲಿ 42 ಮದನಿಕೆಯರಿದ್ದಾರೆ. ಇಳಿಬಿಸಿಲಿನಲ್ಲಿ ಅವರ ಚೆಲುವನ್ನು ಕಂಡು ಬೆರಗಾಗುವವರು ವಿಗ್ರಹಗಳ ಅಡಿಯನ್ನೂ ಗಮನಿಸಬೇಕು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಅಲ್ಲಿ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಒಂಬತ್ತು ಶತಮಾನಗಳ ಹಿಂದಿನ ಆ ತಂದೆ ಮಗನ ಕೈಕೆಲಸಕ್ಕೆ ಜಗತ್ತು ಸಲ್ಲಿಸಿದ ಮನ್ನಣೆಯದು.

ಗುಡಿಯಿಂದ ಹೊರಬಂದರೆ ಅಂಗಡಿಗಳ ಸಾಲು. ಗಣಪತಿ, ನಂದಿ, ಕನ್ನಡಿ ಹಿಡಿದ ಪುಟ್ಟ ದರ್ಪಣಸುಂದರಿ. ಹೇಳಿದ ಬೆಲೆಯ ಅರ್ಧಕ್ಕೆ ಕೇಳುವುದು ವಾಡಿಕೆ. ಒಳಗೆ ಮೂಕವಿಸ್ಮಿತರಾಗಿ ನಿಂತವರೇ ಹೊರಗೆ ಹತ್ತು ರೂಪಾಯಿಗೆ ಹಟ ಹಿಡಿಯುತ್ತಾರೆ! ಕೊಳ್ಳುವ ಮುನ್ನ ಬೊಂಬೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಬೇಕು. ಅಚ್ಚಿನಲ್ಲಿ ಎರೆದದ್ದಾದರೆ ಪಕ್ಕದ ಬೊಂಬೆಯೂ ಕೂದಲೆಳೆಯಷ್ಟೂ ಭೇದವಿಲ್ಲದೆ ಹಾಗೆಯೇ ಇರುತ್ತದೆ. ಉಳಿಯಿಂದ ಕಡೆದುದಾದರೆ ಒಂದರಂತೆ ಇನ್ನೊಂದಿರದು. ಕಡೆದುದೇ ಆದರೆ, ಬೆಲೆಗೆ ಮೊದಲು ಕಡೆದವರ ಹೆಸರನ್ನು ಕೇಳುವುದು ಒಳ್ಳೆಯದು. ದಾಸೋಜನ ಹೆಸರು ಕಲ್ಲಿನ ಮೇಲೆ ಉಳಿದಿದೆ. ಇಂದಿನವನ ಹೆಸರು ಉಳಿಯಬೇಕಾದರೆ ಕೊಂಡವರ ನೆನಪಿನಲ್ಲಿ ಉಳಿಯಬೇಕು. ಆ ಹೆಸರು ತಿಳಿದ ಮೇಲೆ ಚೌಕಾಸಿ ಮಾಡುವ ದನಿ ತಾನಾಗಿಯೇ ತಗ್ಗುತ್ತದೆ.